ವಿದ್ಯಾರ್ಥಿ ಮತ್ತು ಪದಸಂಪತ್ತು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹರೂಪ)



ವಿದ್ಯಾರ್ಥಿಗಳು ತಮ್ಮ ಪದಸಂಪತ್ತನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ನ್ಯಾಯವಾಗಿ ಇದಕ್ಕೆ ಭಾಷಾ ಅಧ್ಯಾಪಕರೊಬ್ಬರನ್ನು ಕರೆಯಬೇಕಿತ್ತು. ನಾನು ಮೂವತ್ತು ವರ್ಷ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿದವನು. ಆದರೂ ಒಪ್ಪಿಕೊಂಡೆ. ಏಕೆಂದರೆ ನನ್ನ ಮೂವತ್ತು ವರ್ಷಗಳಲ್ಲಿ ಭೌತಶಾಸ್ತ್ರ ಅರ್ಥವಾಗದೆ ಸೋತ ಮಕ್ಕಳಿಗಿಂತ, ಭೌತಶಾಸ್ತ್ರ ಅರ್ಥವಾಗಿದ್ದೂ ಮಾತು ಸಿಗದೆ ಸೋತ ಮಕ್ಕಳನ್ನೇ ನಾನು ಹೆಚ್ಚು ನೋಡಿದ್ದೇನೆ. ಅವರಲ್ಲಿ ಒಬ್ಬನ ಕಥೆಯನ್ನು ಮೊದಲು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

1990ರ ದಶಕದ ಮಾತು. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದ ಒಬ್ಬ ಹುಡುಗ ನಮ್ಮ ವಿಜ್ಞಾನ ವಿಭಾಗಕ್ಕೆ ಸೇರಿದ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಪಿಯುಸಿಯಲ್ಲಿ ಒಮ್ಮೆಲೇ ಎಲ್ಲವೂ ಇಂಗ್ಲಿಷ್. ನಾನು ತರಗತಿಯಲ್ಲಿ 'ಇನರ್ಷಿಯಾ ಎಂದರೇನು?' ಎಂದು ಕೇಳಿದೆ. ಅವನು ಎದ್ದು ನಿಂತ, ತಲೆ ತಗ್ಗಿಸಿದ. ಮರುದಿನ 'ಮೊಮೆಂಟಮ್' ಕೇಳಿದೆ. ಮತ್ತೆ ಹಾಗೆಯೇ ನಿಂತ. ಹುಡುಗ ಮಂದಬುದ್ಧಿಯವನು, ಅಂಕ ಹೇಗೋ ಬಂದಿರಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ಎರಡು ತಿಂಗಳ ಬಳಿಕ ಅವನು ಟಿ.ಸಿ. ತೆಗೆದುಕೊಂಡು ಹೋದ. ಏಕೆ ಹೋಗುತ್ತಿದ್ದೀಯ ಎಂದು ನಾನು ಕೇಳಲೂ ಇಲ್ಲ.

ಸುಮಾರು ಹದಿನೈದು ವರ್ಷಗಳ ನಂತರ ಒಂದು ಮಳೆಗಾಲ ನನ್ನ ಹಳೆಯ ಕಾರು ರಸ್ತೆಯಲ್ಲಿ ನಿಂತುಹೋಯಿತು. ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು. 'ಗುರ್ತ ಸಿಕ್ಕಿತಾ ಸರ್?' ಎಂದು ಕೈಯ ಎಣ್ಣೆ ಒರೆಸುತ್ತ ಬಂದವನು ಅದೇ ಹುಡುಗ. ಎಂಜಿನ್ ಬಿಚ್ಚುತ್ತ ಅವನು ವಿವರಿಸುತ್ತಿದ್ದ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಕಂಪ್ರೆಷನ್ ಲೀಕ್ ಆಗುತ್ತಿದೆ, ರೇಡಿಯೇಟರಿನಲ್ಲಿ ಕೂಲೆಂಟ್ ಇಲ್ಲ. ಬೋಲ್ಟು ಬಿಗಿಯುವಾಗ ಹೇಳಿದ: 'ಇದಕ್ಕೆ ಇಷ್ಟೇ ಟಾರ್ಕ್ ಕೊಡಬೇಕು ಸರ್. ಸ್ಪ್ಯಾನರ್ ಉದ್ದ ಇದ್ದರೆ ಕೈಯ ಬಲ ಕಡಿಮೆ ಸಾಕು, ಆದರೆ ಹೆಚ್ಚು ತಿರುಗಿಸಿದರೆ ಥ್ರೆಡ್ ಹೋಗ್ತದೆ.' ನಾನು ತರಗತಿಯಲ್ಲಿ ಒಂದು ವಾರ ಕಪ್ಪುಹಲಗೆಯ ಮೇಲೆ ಕಲಿಸುತ್ತಿದ್ದ ಪಾಠವನ್ನು ಅವನು ಎರಡು ವಾಕ್ಯದಲ್ಲಿ ಹೇಳಿದ್ದ. ನಾನು ಸುಮ್ಮನೆ ಕೇಳಿದೆ, 'ಜಡತ್ವ ಎಂದರೇನು, ಗೊತ್ತುಂಟಾ?' ಅವನು ನಕ್ಕು ಹೇಳಿದ: 'ಗೊತ್ತಿಲ್ಲದೆ ಏನು ಸರ್? ನಿಂತದ್ದು ನಿಂತೇ ಇರ್ತದೆ, ಓಡುವುದು ಓಡ್ತಾನೇ ಇರ್ತದೆ, ಹೊರಗಿನ ಬಲ ಬೀಳುವವರೆಗೆ. ಒಂಬತ್ತನೇ ಕ್ಲಾಸಿನಲ್ಲಿ ಕಲಿತದ್ದು. ನೀವು ಇನರ್ಷಿಯಾ ಅಂತ ಕೇಳಿದ್ದು ಇದನ್ನೇ ಅಂತ ಆಗ ಗೊತ್ತಾಗ್ಲಿಲ್ಲ.'

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಉತ್ತರ ಅವನಲ್ಲಿತ್ತು. ನನ್ನ ಪ್ರಶ್ನೆ ಅವನನ್ನು ತಲುಪಿರಲಿಲ್ಲ, ಅಷ್ಟೇ. ನಡುವೆ ಒಂದು ಪದದ ಅಂತರವಿತ್ತು. ಆ ಅಂತರವನ್ನು ದಾಟಿಸಲು ಒಂದು ನಿಮಿಷ ಸಾಕಿತ್ತು. ಅದು ಆಗದೆ ಅವನು ಕಾಲೇಜನ್ನೇ ಬಿಟ್ಟ. ಗ್ಯಾರೇಜಿನ ಕೆಲಸ ಗೌರವದ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅದು ಅವನ ಆಯ್ಕೆಯಾಗಿರಲಿಲ್ಲ ಎಂಬುದು ನನ್ನ ದುಃಖ.

ಮಿತ್ರರೇ, ಈ ಕಥೆಯ ಇನ್ನೊಂದು ಮುಖವನ್ನೂ ನೋಡಿ. ತರಗತಿಯಲ್ಲಿ ಎರಡು ಇಂಗ್ಲಿಷ್ ಪದ ಕಲಿಯಲಾಗದವನು ಎಂದು ನಾನು ತಿಳಿದಿದ್ದ ಹುಡುಗ ಗ್ಯಾರೇಜಿನಲ್ಲಿ ನೂರಾರು ಇಂಗ್ಲಿಷ್ ಪದಗಳನ್ನು ಕಲಿತಿದ್ದ. ಯಾವ ನಿಘಂಟೂ ಇಲ್ಲ, ಯಾವ ಪಟ್ಟಿಯೂ ಇಲ್ಲ. ಗ್ಯಾಸ್ಕೆಟ್ ಎಂಬ ಪದ ಅವನ ಕೈಗೆ ಬಂದದ್ದು ಗ್ಯಾಸ್ಕೆಟಿನ ಜೊತೆಗೆ. ಆ ಪದ ಬಾರದಿದ್ದರೆ ಅಂಗಡಿಯಿಂದ ಸಾಮಾನು ತರಲಾಗುವುದಿಲ್ಲ. ನನ್ನ ಉಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್ ಎಂದು ಬುಟ್ಟಿಯನ್ನು ದೂರದಿಂದ ನೋಡಿಯೇ ಹೇಳುತ್ತಿದ್ದರು. ಯಾವುದನ್ನು ಹೇಗೆ ಶುಚಿ ಮಾಡಬೇಕು, ಯಾವುದಕ್ಕೆ ಎಷ್ಟು ಹುಳಿ ಬೇಕು ಎಂಬುದೂ ಆ ಹೆಸರಿನ ಜೊತೆಗೇ ಅವರಿಗೆ ಗೊತ್ತಿತ್ತು. ಪದ ಬರುವುದು ಹೀಗೆ. ನಮಗೆ ಯಾವ ಪದದಿಂದ ಕೆಲಸವಾಗಬೇಕೋ ಆ ಪದ ನಮ್ಮಲ್ಲಿ ಉಳಿಯುತ್ತದೆ. ಕೆಲಸವಿಲ್ಲದ ಪದ ಬಂದ ದಾರಿಯಲ್ಲೇ ಹೋಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲನೆಯದಾಗಿ, ಪದಗಳ ವಿಷಯದಲ್ಲಿ ನೀವು ಬಡವರು ಎಂಬ ಭಾವನೆಯನ್ನು ಬಿಡಿ. ಇಲ್ಲಿ ಕುಳಿತಿರುವ ಹೆಚ್ಚಿನ ಮಕ್ಕಳಿಗೆ ನಾಲ್ಕು ಭಾಷೆಗಳ ಸಂಪರ್ಕವಿದೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಇದನ್ನು ನಾವು ಒಂದು ತೊಡಕು ಎಂದು ತಿಳಿಯುತ್ತೇವೆ. ವಾಸ್ತವದಲ್ಲಿ ಇದು ಬಂಡವಾಳ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ತಾಲೂಕು ಕಚೇರಿಯಲ್ಲಿ ದಿನನಿತ್ಯ ಬಳಸುವ ಅರ್ಜಿ, ದಾಖಲೆ, ಹಾಜರಿ, ಬಾಕಿ, ವಸೂಲಿ, ಅಸಲು, ನಕಲು, ಜಾರಿ ಮುಂತಾದ ಪದಗಳು ಅರಬಿ ಮೂಲದಿಂದ ಹೊರಟು ಪಾರ್ಸಿ, ಉರ್ದು, ಮರಾಠಿಗಳಂಥ ಭಾಷೆಗಳ ದಾರಿಯಲ್ಲಿ ಕನ್ನಡಕ್ಕೆ ಬಂದು ಕನ್ನಡವೇ ಆಗಿಹೋಗಿವೆ. ಪತ್ರಿಕೆಯಲ್ಲಿ 'ಹಾಲಿ ಶಾಸಕರು, ಮಾಜಿ ಶಾಸಕರು' ಎಂದು ಓದುತ್ತೀರಿ. ಹಾಲ್ ಎಂದರೆ ಈಗಿನ ಸ್ಥಿತಿ, ಮಾಝಿ ಎಂದರೆ ಕಳೆದುಹೋದದ್ದು. ಉರ್ದು ವ್ಯಾಕರಣ ಓದಿದವರಿಗೆ ವರ್ತಮಾನಕಾಲ, ಭೂತಕಾಲಗಳ ಹೆಸರುಗಳಾಗಿ ಇವು ಪರಿಚಿತ. ಇನ್ನು 'ತಕರಾರು'. ಅರಬಿಯಲ್ಲಿ ತಕರಾರ್ ಎಂದರೆ ಮರಳಿ ಮರಳಿ ಹೇಳುವುದು ಎಂದರ್ಥ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಅದು ಕೊನೆಗೆ ತಕರಾರೇ ಆಗುತ್ತದಲ್ಲವೇ!

ಇಂಗ್ಲಿಷಿನಲ್ಲಿಯೂ ಹೀಗೆಯೇ. ಆಲ್ಜೀಬ್ರಾ ಎಂಬ ಹೆಸರು ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಗ್ರಂಥದ ಶೀರ್ಷಿಕೆಯಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದ ಬಂದಿದೆ. ಕಂಪ್ಯೂಟರ್ ವಿದ್ಯಾರ್ಥಿಗಳು ದಿನಾಲೂ ಹೇಳುವ ಆಲ್ಗಾರಿದಮ್ ಆ ಗಣಿತಜ್ಞರ ಹೆಸರಿನಿಂದಲೇ ಬಂದದ್ದು. ಝೀರೋ ಎಂಬುದು 'ಸಿಫ್ರ್' ಎಂಬ ಅರಬಿ ಪದದ ರೂಪಾಂತರ. ನೀವು ಈ ಭಾಷಣವನ್ನು ಮುಂದೆ ಓದಲಿರುವ ಮ್ಯಾಗಝೀನ್ ಕೂಡಾ 'ಮಖ್ಝನ್', ಅಂದರೆ ಉಗ್ರಾಣ ಎಂಬ ಅರಬಿ ಪದದಿಂದ ಹುಟ್ಟಿದೆ. ಪದಗಳಿಗೆ ಗಡಿಗಳಿಲ್ಲ. ಒಂದು ಭಾಷೆಯಲ್ಲಿ ನೀವು ಕಲಿತದ್ದು ಇನ್ನೊಂದು ಭಾಷೆಯಲ್ಲಿ ನಿಮಗೆ ನೆರವಾಗುತ್ತದೆ.

ಮನೆಮಾತು ಬೇರೆಯಾಗಿದ್ದರೆ ಕನ್ನಡ ಬಾರದು ಎನ್ನುವವರಿಗೆ ಉತ್ತರ ನಮ್ಮ ಕಣ್ಣೆದುರಿಗೇ ಇದೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಓದಿದ್ದು ಮತ್ತು ಬರೆದದ್ದು ಕನ್ನಡದಲ್ಲಿ. ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜುಗಳಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದು ಕನ್ನಡದ ಕವಿಯಾದವರು. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ನೀವೆಲ್ಲ ಬಲ್ಲಿರಿ. ಇಷ್ಟೇಕೆ, ಇದೇ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಪ್ರಸಿದ್ಧ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ಜರ್ಮನಿಯವರು. ಮನೆಮಾತು ಬೇರೆ ಎಂಬುದು ಇವರಲ್ಲಿ ಯಾರನ್ನೂ ತಡೆಯಲಿಲ್ಲ.

ಈಗ ಮಾಡಬೇಕಾದುದೇನು ಎಂಬ ವಿಷಯಕ್ಕೆ ಬರುತ್ತೇನೆ.

ಪದಸಂಪತ್ತು ಎಂದೊಡನೆ ಮಕ್ಕಳು ಮಾಡುವ ಮೊದಲ ಕೆಲಸ ದಿನಕ್ಕೆ ಹತ್ತು ಕಠಿಣ ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು. ಹತ್ತನೆಯ ದಿನ ನೂರು ಪದ ಆಗಿರಬೇಕು. ಆದರೆ ಕೇಳಿದರೆ ಹತ್ತೂ ನೆನಪಿರುವುದಿಲ್ಲ. ಪಟ್ಟಿಯ ಪದಗಳಿಗೆ ನಿಮ್ಮ ಬದುಕಿನಲ್ಲಿ ಕೆಲಸವಿಲ್ಲ. ಅದರ ಬದಲು ನಾಳೆಯ ಪಾಠದಿಂದ ಪದ ಆರಿಸಿ. ನಾಳೆ ತರಗತಿಯಲ್ಲಿ ಉಪನ್ಯಾಸಕರು ಬಳಸಲಿರುವ ಐದು ಪದಗಳು ಇಂದು ರಾತ್ರಿ ನಿಮಗೆ ಗೊತ್ತಾದರೆ, ನಾಳೆಯ ಪಾಠದ ಅರ್ಧ ಭಯ ಹೋಯಿತು.

ಅದಕ್ಕೆ ಒಂದು ನೋಟುಪುಸ್ತಕವಿಡಿ. ಪುಟವನ್ನು ಮೂರು ಭಾಗ ಮಾಡಿ. ಒಂದನೆಯದರಲ್ಲಿ ಹೊಸ ಪದ. ಎರಡನೆಯದರಲ್ಲಿ ನೀವು ಈಗಾಗಲೇ ಕಲಿತಿರುವ ಕನ್ನಡ ಅಥವಾ ಉರ್ದು ಪದ. ಮೂರನೆಯದರಲ್ಲಿ ಆ ಪದವನ್ನು ಬಳಸಿ ನೀವೇ ಮಾಡಿದ ಒಂದು ವಾಕ್ಯ. ಪುಸ್ತಕದ ವಾಕ್ಯವನ್ನು ನಕಲು ಮಾಡಬೇಡಿ. ಇನರ್ಷಿಯಾ, ಜಡತ್ವ, 'ಬಸ್ಸು ಬ್ರೇಕ್ ಹಾಕಿದಾಗ ನಾನು ಮುಂದಕ್ಕೆ ಬಾಗುವುದು ಜಡತ್ವದಿಂದ'. ಮೊಮೆಂಟಮ್, ಸಂವೇಗ. ಸ್ಪೀಡ್, ಜವ. ವೆಲಾಸಿಟಿ, ವೇಗ. ಅಕ್ಸೆಲರೇಶನ್, ವೇಗೋತ್ಕರ್ಷ. ನಿಮ್ಮ ಪ್ರೌಢಶಾಲೆಯ ಹಳೆಯ ವಿಜ್ಞಾನ ಪುಸ್ತಕವನ್ನು ಮಾರಬೇಡಿ. ಪಿಯುಸಿಯ ಮೊದಲ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ನಿಘಂಟು ನಿಮಗೆ ಸಿಗದು. ಮೊದಲು ಅದರಲ್ಲಿ ವಿಷಯವನ್ನು ಓದಿ, ಆಮೇಲೆ ಇಂಗ್ಲಿಷ್ ಪುಸ್ತಕವನ್ನು ತೆರೆಯಿರಿ. ಆ ಗ್ಯಾರೇಜಿನ ಭೇಟಿಯ ನಂತರ ನಾನು ಪ್ರತಿ ವರ್ಷ ಮೊದಲ ಎರಡು ವಾರ ಇದನ್ನೇ ಮಾಡಿಸಿದೆ. ಎಲ್ಲರೂ ರ್‍ಯಾಂಕ್ ಬಂದರು ಎಂದು ನಾನು ಹೇಳುವುದಿಲ್ಲ. ಆದರೆ ತಲೆ ತಗ್ಗಿಸಿ ನಿಲ್ಲುವವರ ಸಂಖ್ಯೆ ಕಡಿಮೆಯಾಯಿತು.

ಎರಡನೆಯದು, ಉದ್ದದ ಪದವನ್ನು ಕಂಡು ಹೆದರಬೇಡಿ. ಅದನ್ನು ಬಿಚ್ಚಿ ನೋಡಿ. ಮದ್ರಸದಲ್ಲಿ ಅರಬಿ ಕಲಿತ ಮಕ್ಕಳಿಗೆ ಇದು ಹೊಸತಲ್ಲ. ಕಿತಾಬ್, ಕಾತಿಬ್, ಮಕ್ತಬ್, ಮಕ್ತೂಬ್ ಎಂಬ ಪದಗಳಲ್ಲೆಲ್ಲ ಬರವಣಿಗೆಗೆ ಸಂಬಂಧಿಸಿದ ಒಂದೇ ಧಾತು ಇದೆ: ಪುಸ್ತಕ, ಬರೆಯುವವನು, ಬರೆಯಲು ಕಲಿಯುವ ಸ್ಥಳ, ಬರೆದದ್ದು. ಕನ್ನಡದಲ್ಲಿ ಬರೆ, ಬರಹ, ಬರವಣಿಗೆ, ಬರಹಗಾರ. ಇಂಗ್ಲಿಷಿನ ವಿಜ್ಞಾನ ಪದಗಳನ್ನೂ ಹೀಗೆಯೇ ಬಿಚ್ಚಬಹುದು. ಫೋಟೋಸಿಂಥೆಸಿಸ್ ಎಂಬಲ್ಲಿ ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಒಟ್ಟುಗೂಡಿಸುವುದು. ನಮ್ಮ ದ್ಯುತಿಸಂಶ್ಲೇಷಣೆಯಲ್ಲಿ ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಒಟ್ಟುಗೂಡಿಸುವುದು. ಉರ್ದುವಿನಲ್ಲಿ ಇದಕ್ಕೆ ಬಳಸುವ 'ಝಿಯಾಈ ತಾಲೀಫ್' ಎಂಬ ಪದದಲ್ಲಿಯೂ ಝಿಯಾ ಎಂದರೆ ಬೆಳಕು, ತಾಲೀಫ್ ಎಂದರೆ ಜೋಡಿಸಿ ರಚಿಸುವುದು. ಕ್ಲೋರೋಫಿಲ್ ಎಂಬುದು ಗ್ರೀಕ್ ಭಾಷೆಯ ಹಸಿರು ಮತ್ತು ಎಲೆ ಎಂಬ ಎರಡು ಪದಗಳು ಸೇರಿ ಆದದ್ದು. ಪತ್ರಹರಿತ್ತು ಎಂಬಲ್ಲಿ ಪತ್ರ ಎಂದರೆ ಎಲೆ, ಹರಿತ್ ಎಂದರೆ ಹಸಿರು. ಒಂದೇ ಮನೆಗೆ ಬೇರೆ ಬೇರೆ ಬಾಗಿಲು. ಥರ್ಮೋ ಎಂದರೆ ಶಾಖ ಎಂದು ಒಮ್ಮೆ ತಿಳಿದರೆ ಥರ್ಮಾಮೀಟರ್, ಥರ್ಮಲ್, ಥರ್ಮೋಡೈನಾಮಿಕ್ಸ್, ಮನೆಯ ಥರ್ಮಾಸ್ ಫ್ಲಾಸ್ಕ್, ಎಲ್ಲವೂ ಒಂದೇ ಕುಟುಂಬದವು ಎಂದು ಗುರುತಾಗುತ್ತದೆ. ಒಂದು ಬೇರು ಹಿಡಿದರೆ ಹತ್ತು ಪದ ಕೈಗೆ ಬರುತ್ತವೆ.

ಮೂರನೆಯದು, ಗೊತ್ತಿರುವ ಪದದ ಬಗ್ಗೆಯೂ ಎಚ್ಚರಿಕೆ ಬೇಕು. ಕಠಿಣ ಪದಗಳಿಗಿಂತ ಸುಲಭ ಪದಗಳೇ ನಮ್ಮನ್ನು ಹೆಚ್ಚು ಬೀಳಿಸುತ್ತವೆ. ವರ್ಕ್ ಎಂದರೆ ಕೆಲಸ, ಅದು ಯಾರಿಗೆ ಗೊತ್ತಿಲ್ಲ? ಆದರೆ ಐವತ್ತು ಕಿಲೋ ಅಕ್ಕಿಮೂಟೆಯನ್ನು ತಲೆಯ ಮೇಲೆ ಹೊತ್ತು ಒಂದು ಗಂಟೆ ಅಲ್ಲಾಡದೆ ನಿಂತವನು ಆ ಮೂಟೆಯ ಮೇಲೆ ಮಾಡಿದ ಕೆಲಸ ಭೌತಶಾಸ್ತ್ರದ ಪ್ರಕಾರ ಸೊನ್ನೆ. ಏಕೆಂದರೆ ಮೂಟೆ ಸರಿದಿಲ್ಲ. ನಾವು ಮಾತಿನಲ್ಲಿ ಶಕ್ತಿ, ಸಾಮರ್ಥ್ಯ, ಬಲ ಎಂಬುದನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಜ್ಞಾನದಲ್ಲಿ ಎನರ್ಜಿ ಶಕ್ತಿ, ಪವರ್ ಸಾಮರ್ಥ್ಯ, ಫೋರ್ಸ್ ಬಲ. ಮೂರೂ ಬೇರೆ ಬೇರೆ. ಹಾಗೆಯೇ ಕರೆಂಟ್ ಎಂದರೆ ನಮಗೆ ವಿದ್ಯುತ್ತು. ಇಂಗ್ಲಿಷಿನಲ್ಲಿ ಹೊಳೆಯ ಸೆಳೆತವೂ ಕರೆಂಟ್, ಈಗ ನಡೆಯುತ್ತಿರುವುದೂ ಕರೆಂಟ್. ಮೂಲದಲ್ಲಿ ಅದರ ಅರ್ಥ ಓಡುವುದು, ಹರಿಯುವುದು. ನಮ್ಮ 'ಜಾರಿ' ಎಂಬ ಪದಕ್ಕೂ ಅರಬಿ ಮೂಲದಲ್ಲಿ ಅದೇ ಅರ್ಥ. ಆದುದರಿಂದ ನಿಘಂಟು ತೆರೆದಾಗ ಮೊದಲ ಅರ್ಥವನ್ನು ನೋಡಿ ಮುಚ್ಚಬೇಡಿ. ಎರಡನೆಯ, ಮೂರನೆಯ ಅರ್ಥಗಳನ್ನೂ ನೋಡಿ, ನಿಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೆ ಎಂದು ಯೋಚಿಸಿ.

ನಾಲ್ಕನೆಯದು, ಪದವನ್ನು ಒಂಟಿಯಾಗಿ ಕಲಿಯಬೇಡಿ. ಪ್ರತಿ ಪದಕ್ಕೂ ಒಂದು ಜೊತೆ ಇರುತ್ತದೆ. ಕನ್ನಡದಲ್ಲಿ ಸಾಲ ತೀರಿಸುತ್ತೇವೆ, ಮಾತು ಕೊಡುತ್ತೇವೆ, ಅರ್ಜಿ ಸಲ್ಲಿಸುತ್ತೇವೆ, ಪರೀಕ್ಷೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಪರೀಕ್ಷೆಯನ್ನು 'ಟೇಕ್' ಮಾಡುತ್ತಾರೆ, ತಪ್ಪನ್ನು 'ಮೇಕ್' ಮಾಡುತ್ತಾರೆ, ಹೋಮ್‌ವರ್ಕ್ ಅನ್ನು 'ಡೂ' ಮಾಡುತ್ತಾರೆ. ಇದಕ್ಕೆ ಕಾರಣ ಹುಡುಕುತ್ತ ಕೂರಬಾರದು. ಜೊತೆಯನ್ನು ಜೊತೆಯಾಗಿಯೇ ನೋಟುಪುಸ್ತಕದಲ್ಲಿ ಬರೆಯಬೇಕು. ಸಂದರ್ಶನದಲ್ಲಿ ನಮ್ಮ ಮಕ್ಕಳು ತಡವರಿಸುವುದು ಹೆಚ್ಚಾಗಿ ದೊಡ್ಡ ಪದ ಗೊತ್ತಿಲ್ಲದೆ ಅಲ್ಲ, ಗೊತ್ತಿರುವ ಸಣ್ಣ ಪದಗಳನ್ನು ಜೋಡಿಸಲು ತಿಳಿಯದೆ.

ಐದನೆಯದು, ಪುನರಾವರ್ತನೆ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ನೆನಪಿನ ಬಗ್ಗೆ ತಮ್ಮ ಮೇಲೆಯೇ ಪ್ರಯೋಗ ಮಾಡಿ ಒಂದು ಪುಸ್ತಕ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಸಮಯದಲ್ಲಿ ಎಷ್ಟು ಮರೆತುಹೋಗುತ್ತದೆ ಎಂದು ಅಳೆದರು. ಮರೆವು ಮೊದಲ ಕೆಲವು ಗಂಟೆ, ಮೊದಲ ಕೆಲವು ದಿನಗಳಲ್ಲೇ ಅತಿ ವೇಗ, ಆಮೇಲೆ ನಿಧಾನ. ಒಂದೇ ದಿನ ಹಲವು ಸಲ ಓದುವುದಕ್ಕಿಂತ ದಿನಗಳ ಅಂತರ ಬಿಟ್ಟು ಓದುವುದು ಹೆಚ್ಚು ಫಲಕಾರಿ ಎಂದೂ ಅವರು ಕಂಡರು. ಇದನ್ನು ಓದಿದಾಗ ನನಗೆ ಹಿಫ್ಝ್ ಮಾಡುವ ಮಕ್ಕಳ ನೆನಪಾಯಿತು. ಅಲ್ಲಿ ಇಂದಿನ ಹೊಸ ಪಾಠ ಸಬಕ್, ಇತ್ತೀಚಿನ ದಿನಗಳ ಪಾಠ ಸಬ್ಕಿ, ಹಿಂದೆ ಕಲಿತದ್ದನ್ನು ಸರದಿಯಂತೆ ಒಪ್ಪಿಸುವುದು ಮಂಝಿಲ್. ಹೊಸತನ್ನು ಕಲಿಯುವಾಗ ಹಳೆಯದನ್ನು ಬಿಡುವಂತಿಲ್ಲ. ನಿಮ್ಮ ಪದಗಳ ಪುಸ್ತಕವನ್ನೂ ಹೀಗೆಯೇ ನಡೆಸಿ. ಇಂದು ಐದು ಹೊಸ ಪದ. ಜೊತೆಗೆ ನಿನ್ನೆಯ ಐದು, ಕಳೆದ ವಾರದ ಐದು, ಕಳೆದ ತಿಂಗಳ ಐದು. ಅರ್ಥದ ಭಾಗವನ್ನು ಕೈಯಿಂದ ಮುಚ್ಚಿ ನಿಮಗೆ ನೀವೇ ಪರೀಕ್ಷೆ ಕೊಡಿ. ಸುಮ್ಮನೆ ಕಣ್ಣಾಡಿಸಿದರೆ ಎಲ್ಲವೂ ಗೊತ್ತಿದ್ದಂತೆ ಕಾಣುತ್ತದೆ. ಮುಚ್ಚಿ ಕೇಳಿಕೊಂಡಾಗಲೇ ಸತ್ಯ ತಿಳಿಯುವುದು. ಇದಕ್ಕೆ ಹದಿನೈದು ನಿಮಿಷ ಸಾಕು.

ಆರನೆಯದು, ಓದು. ಪದಗಳು ನಿಜವಾಗಿ ವಾಸಿಸುವುದು ಪುಸ್ತಕ, ಪತ್ರಿಕೆಗಳಲ್ಲಿ. ದಿನಕ್ಕೆ ಒಂದು ಸಂಪಾದಕೀಯ ಓದಿ, ಒಂದು ದಿನ ಕನ್ನಡ, ಒಂದು ದಿನ ಇಂಗ್ಲಿಷ್. ಓದುವಾಗ ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆದರೆ ನಿಮಗೆ ಬೇಸರವಾಗಿ ಓದೇ ನಿಲ್ಲುತ್ತದೆ. ಮೊದಲು ವಾಕ್ಯದ ಹಿಂದುಮುಂದು ನೋಡಿ ಅರ್ಥವನ್ನು ಊಹಿಸಿ. ಅದೇ ಪದ ಎರಡನೆಯ ಸಲ ಎದುರಾದರೆ ಅಡಿಗೆರೆ ಹಾಕಿ, ಓದು ಮುಗಿದ ಮೇಲೆ ನಿಘಂಟು ನೋಡಿ. ಕನ್ನಡಕ್ಕೆ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಿವೆ. ಅದರ ಹಿಂದೆ ದುಡಿದವರಲ್ಲಿ ಪ್ರಮುಖರಾದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಓದುಗರು ಪದಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವರು 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರಿಸಿದರು. ಪದದ ಅರ್ಥ ಕೇಳುವುದು ನಾಚಿಕೆಯ ವಿಷಯವಲ್ಲ ಎಂಬುದನ್ನು ಆ ಅಂಕಣ ಒಂದು ನಾಡಿಗೇ ಕಲಿಸಿತು. ಈಗಂತೂ ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿಯೇ ಹಲವು ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಮೊಬೈಲಿನಲ್ಲಿ ನೋಡಿದ ಪದವನ್ನು ಕೈಯಿಂದ ಬರೆದುಕೊಳ್ಳಿ ಎಂಬುದಷ್ಟೇ ನನ್ನ ಸಲಹೆ. ಬೆರಳಿನಿಂದ ಸರಿಸಿದ್ದು ಮನಸ್ಸಿನಿಂದಲೂ ಸರಿದುಹೋಗುತ್ತದೆ.

ಇಲ್ಲಿ ಒಬ್ಬ ವ್ಯಕ್ತಿಯನ್ನು ನೆನೆಯಬೇಕು. ಅಮೆರಿಕದ ಕಪ್ಪು ಜನರ ನಾಯಕರಾದ ಮಾಲ್ಕಮ್ ಎಕ್ಸ್ ಯುವಕರಾಗಿದ್ದಾಗ ಸೆರೆಮನೆಯಲ್ಲಿದ್ದರು. ಬೀದಿಯ ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಒಂದು ಪತ್ರ ಬರೆಯಲು ಕುಳಿತಾಗ ತಮ್ಮ ಮನಸ್ಸಿನಲ್ಲಿರುವುದನ್ನು ಕಾಗದದ ಮೇಲೆ ಇಳಿಸಲು ಅವರಿಂದ ಆಗಲಿಲ್ಲ. ಅವರು ಒಂದು ನಿಘಂಟನ್ನು ತರಿಸಿಕೊಂಡು ಮೊದಲ ಪುಟವನ್ನು ವಿರಾಮಚಿಹ್ನೆಗಳ ಸಹಿತ ನಕಲು ಮಾಡಿದರು. ಬರೆದುದನ್ನು ತಮಗೆ ತಾವೇ ಗಟ್ಟಿಯಾಗಿ ಓದಿಕೊಂಡರು. ಮರುದಿನ ಮುಂದಿನ ಪುಟ. ಹೀಗೆ ಇಡೀ ನಿಘಂಟನ್ನೇ ಬರೆದುದಾಗಿ 1965ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿದ್ದಾರೆ. ನೀವೂ ನಿಘಂಟನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಗಮನಿಸಬೇಕಾದ ಅಂಶ ಬೇರೆ. ಅವರಿಗೆ ಬರೆಯಲೇಬೇಕಾದ ಪತ್ರವೊಂದಿತ್ತು, ಓದಲೇಬೇಕಾದ ಪುಸ್ತಕಗಳಿದ್ದವು. ಪದಗಳಿಗೆ ಕೆಲಸ ಕಾದಿತ್ತು. ಅದಕ್ಕಾಗಿಯೇ ಅವು ಅವರಲ್ಲಿ ಉಳಿದವು.

ಕೊನೆಯದು, ಬಳಕೆ. ನಾವು ಕಲಿತ ಪದವನ್ನು ಬಳಸಲು ಹಿಂಜರಿಯುವುದು ನಗುವವರ ಭಯದಿಂದ. ಉಚ್ಚಾರಣೆ ತಪ್ಪಿದರೆ ಪಕ್ಕದ ಬೆಂಚಿನವನು ನಗುತ್ತಾನೆ. ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೂ ನಗುತ್ತಾರೆ. ಮಿತ್ರರೇ, ನಗುವವರಿಗೆ ನನ್ನದೊಂದು ಮಾತು: ನೀವು ನಕ್ಕ ಕಾರಣಕ್ಕೆ ಒಬ್ಬ ಬಾಯಿ ಮುಚ್ಚಿಕೊಂಡರೆ, ಆ ಬಾಯಿ ಮತ್ತೆ ಹತ್ತು ವರ್ಷ ತೆರೆಯದೇ ಇರಬಹುದು. ತಪ್ಪು ಹೇಳಿದವರಿಗೆ ಹೇಳುತ್ತೇನೆ: ಪದವನ್ನು ತಪ್ಪಾಗಿ ಉಚ್ಚರಿಸುವವನು ಅದನ್ನು ಎಲ್ಲೋ ಓದಿ ಕಲಿತವನು, ಆದುದರಿಂದ ಅವನು ಓದುವವನು. ಅದರಲ್ಲಿ ಅವಮಾನವೇನಿದೆ? ಮನೆಯ ಕರೆಂಟ್ ಬಿಲ್ಲಿನ ದೂರು, ಬ್ಯಾಂಕಿನ ಅರ್ಜಿ, ಪಂಚಾಯತಿಗೆ ಕೊಡುವ ಮನವಿ, ಇವುಗಳನ್ನು ನೀವೇ ಬರೆಯಿರಿ. ಹೆತ್ತವರಿಗೆ ಪಾಠವನ್ನು ಮನೆಮಾತಿನಲ್ಲಿ ವಿವರಿಸಿ ಹೇಳಿ. ಉಮ್ಮನಿಗೆ ಅರ್ಥವಾಗುವಂತೆ ನೀವು ಜಡತ್ವವನ್ನು ಹೇಳಬಲ್ಲಿರಾದರೆ ನಿಮಗೆ ಅದು ಅರ್ಥವಾಗಿದೆ ಎಂದರ್ಥ.

ವೇದಿಕೆಯಲ್ಲಿರುವ ಹಿರಿಯರಲ್ಲಿಯೂ ಎರಡು ವಿನಂತಿಗಳಿವೆ. ಪ್ರತಿಭಾ ಪುರಸ್ಕಾರದಲ್ಲಿ ಸ್ಮರಣಿಕೆಯ ಜೊತೆಗೆ ಒಂದೊಂದು ನಿಘಂಟನ್ನೂ ಕೊಡಿ. ಸ್ಮರಣಿಕೆ ಕಪಾಟಿನಲ್ಲಿರುತ್ತದೆ, ನಿಘಂಟು ಮೇಜಿನ ಮೇಲಿರುತ್ತದೆ. ಎರಡನೆಯದಾಗಿ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಪಿಯುಸಿ ತರಗತಿಗಳ ಆರಂಭಕ್ಕೂ ನಡುವಿನ ರಜೆಯಲ್ಲಿ ಕನ್ನಡ ಮತ್ತು ಉರ್ದು ಮಾಧ್ಯಮದ ಮಕ್ಕಳಿಗೆ ಎರಡು ವಾರಗಳ ಒಂದು ಪದಶಿಬಿರ ನಡೆಸಿ. ವಿಜ್ಞಾನ, ವಾಣಿಜ್ಯ, ಗಣಿತ, ಒಂದೊಂದರಲ್ಲಿ ನೂರು ಪದ. ಗೊತ್ತಿರುವ ವಿಷಯಕ್ಕೆ ಗೊತ್ತಿಲ್ಲದ ಹೆಸರನ್ನು ಪರಿಚಯಿಸುವುದಷ್ಟೇ ಕೆಲಸ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಒಂದು ಕೋಣೆ, ಒಂದು ಕಪ್ಪುಹಲಗೆ, ಇಬ್ಬರು ಅಧ್ಯಾಪಕರು ಸಾಕು. ಅವರಲ್ಲಿ ಒಬ್ಬನಾಗಿ ಬರಲು ನಾನು ಸಿದ್ಧನಿದ್ದೇನೆ, ಸಂಬಳ ಬೇಡ. ನನಗೆ ಒಂದು ಹಳೆಯ ಬಾಕಿ ತೀರಿಸುವುದಿದೆ.

ವಿದ್ಯಾರ್ಥಿ ಮಿತ್ರರೇ, ಇಂದು ರಾತ್ರಿ ಮಲಗುವ ಮುನ್ನ ನಾಳೆಯ ಪಾಠದಿಂದ ಐದು ಪದ ಆರಿಸಿ ಬರೆಯಿರಿ. ಅವುಗಳಲ್ಲಿ ಒಂದನ್ನಾದರೂ ನಾಳೆ ತರಗತಿಯಲ್ಲಿ ಗಟ್ಟಿಯಾಗಿ ಹೇಳಿ. ಪ್ರಶ್ನೆಯ ಪದ ಅರ್ಥವಾಗದಿದ್ದರೆ ತಲೆ ತಗ್ಗಿಸಿ ನಿಲ್ಲಬೇಡಿ. 'ಸರ್, ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ?' ಎಂದು ಕೇಳಿ. ಆ ಹುಡುಗ ಅಂದು ಇಷ್ಟು ಕೇಳಿದ್ದರೆ, ಅಥವಾ ನಾನೇ ಅವನಲ್ಲಿ ಕೇಳಿದ್ದರೆ, ಇಂದು ನಾನು ನಿಮಗೆ ಬೇರೆಯೇ ಕಥೆ ಹೇಳುತ್ತಿದ್ದೆ.